ಬಿಸಿ ತಡೆಯುವ ಸೆರಾಮಿಕ್ ಕೋಟಿಂಗ್: ಪುಡಿಗಿಂತ ಮೊದಲು ಪೈಪು ನೋಡಿ

ಮಂಗಳೂರಿನ ಬೈಕಂಪಾಡಿಯ ಒಂದು ಶೆಡ್ಡಿನಲ್ಲಿ, ಜುಲೈ ತಿಂಗಳು. ಬೋಟಿನ ಎಕ್ಸಾಸ್ಟ್ ಪೈಪಿಗೆ ಸೆರಾಮಿಕ್ ಹೊಡೆಯುವ ಮೊದಲು ಬ್ಲಾಸ್ಟಿಂಗ್ (ಗಾಳಿಯ ರಭಸದಲ್ಲಿ ಹರಳು ಚಿಮ್ಮಿಸಿ ಮೇಲ್ಮೈ ತರಿ ಮಾಡುವುದು) ಮುಗಿಸಿ ಊಟಕ್ಕೆ ಹೋದೆವು. ಬಂದು ನೋಡಿದರೆ ಬೂದು ಬಣ್ಣದ ಕಬ್ಬಿಣದ ಮೇಲೆ ಕಿತ್ತಳೆ ಚುಕ್ಕೆಗಳು! ಮಳೆ ಒಳಗೆ ಬಂದಿರಲಿಲ್ಲ. ನಮ್ಮ ಕರಾವಳಿಯ ಗಾಳಿಯೇ ಸಾಕಾಗಿತ್ತು. ಇಲ್ಲಿ ಕೋಟಿಂಗ್ ಕಿತ್ತು ಬಂದರೆ ನಾನು ಮೊದಲು ಅನುಮಾನ ಪಡುವುದು ಈ ಹಂತವನ್ನೇ.

ಬ್ಲಾಸ್ಟಿಂಗ್‌ಗೆ ಮೊದಲು ಪೈಪನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಉಪ್ಪು ಉಳಿದರೆ ತುಕ್ಕು ಮತ್ತೆ ಬರುತ್ತದೆ. ಎಣ್ಣೆ, ಗ್ರೀಸನ್ನೂ ತೆಗೆಯಿರಿ. ಚೂಪು ಅಂಚುಗಳನ್ನು ಉಜ್ಜಿ ದುಂಡಗೆ ಮಾಡಿ, ಬಿರುಕು ಶುರುವಾಗುವುದು ಅಲ್ಲೇ. ಗ್ಯಾಸ್ಕೆಟ್ ಕೂರುವ ಫ್ಲಾಂಜಿನ (ಪೈಪಿನ ತುದಿಯ ಜೋಡಣೆ ಬಳೆ) ಮುಖವನ್ನು ತಗಡಿನಿಂದ ಮುಚ್ಚಿ. ಆಮೇಲೆ ಅಲ್ಯೂಮಿನಾ ಹರಳಿನಿಂದ ಬ್ಲಾಸ್ಟಿಂಗ್. ಬೆರಳಾಡಿಸಿದರೆ ಮರಳು ಕಾಗದದ ಹಾಗೆ ತರಿತರಿ ಇರಬೇಕು. ಆದರೆ ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಕೈಯ ಬೆವರೂ ಕೆಡಿಸುತ್ತದೆ. ಕಂಪ್ರೆಸರಿನ ಗಾಳಿಯಲ್ಲಿ ನೀರು ಬರ್ತಾ ಇದೆಯಾ, ಅದನ್ನೂ ನೋಡಿ. ಇದಾದ ಮೇಲೆ ಬಿಡುವು ಬೇಡ. ಪೈಪನ್ನು ಸ್ವಲ್ಪ ಬಿಸಿ ಮಾಡಿ, ತಕ್ಷಣ ಸ್ಪ್ರೇಗೆ ಇಡಿ.

ಮೊದಲು ಹೊಡೆಯುವುದು ಬಾಂಡ್ ಕೋಟ್, ಸುಮಾರು 100 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ. ನಿಕಲ್-ಕ್ರೋಮಿಯಂ ಜಾತಿಯ ಲೋಹದ ಪುಡಿ. ಇದನ್ನು ಬಿಡುವ ಹಾಗೇ ಇಲ್ಲ. ಸೆರಾಮಿಕ್ ಪದರದ ತುಂಬ ಸಣ್ಣ ಸಣ್ಣ ರಂಧ್ರ. ಅವು ಬಿಸಿ ದಾಟದಂತೆ ಮಾಡುತ್ತವೆ ನಿಜ, ಆದರೆ ಗಾಳಿಯನ್ನು ಒಳಗೆ ಬಿಡುತ್ತವೆ. ಆ ಗಾಳಿಯಿಂದ ಕಬ್ಬಿಣವನ್ನು ಕಾಯುವುದು, ಮೇಲಿನ ಪದರಕ್ಕೆ ಹಿಡಿತ ಕೊಡುವುದು ಎರಡೂ ಬಾಂಡ್ ಕೋಟಿನ ಕೆಲಸ.

ಅದರ ಮೇಲೆ ಜಿರ್ಕೋನಿಯಾ, ಬಿಸಿ ತಡೆಯುವ ಸೆರಾಮಿಕ್ ಇದೇ. ಸುಮ್ನೆ ಜಿರ್ಕೋನಿಯಾ ಸಾಲದು. ಬಿಸಿಯಾಗಿ ತಣಿಯುವಾಗ ಅದರ ಹರಳಿನ ರೂಪ ಬದಲಾಗಿ, ಉಬ್ಬಿ ಒಡೆಯುತ್ತದೆ. ಆ ರೂಪ ಬದಲಾಗದಂತೆ ಹಿಡಿದಿಡುವ ಯಿಟ್ರಿಯಾ ಎಂಬ ಆಕ್ಸೈಡನ್ನು ತೂಕದಲ್ಲಿ 7ರಿಂದ 8 ಶೇಕಡಾ ಸೇರಿಸಿದ ಪುಡಿಯನ್ನೇ ತರಿಸಿ, ಓವನ್ನಿನಲ್ಲಿ ಒಣಗಿಸಿಕೊಳ್ಳಿ. ಜಿರ್ಕೋನಿಯಾ ಕರಗಲು ಸುಮಾರು 2,700 ಡಿಗ್ರಿ ಸೆಲ್ಸಿಯಸ್ ಬೇಕು, ಗ್ಯಾಸ್ ವೆಲ್ಡಿಂಗಿನ ಜ್ವಾಲೆ ನೆಚ್ಚಿಕೊಂಡರೆ ಆಗದು. ಅದಕ್ಕೇ ಪ್ಲಾಸ್ಮಾ ಗನ್, ವಿದ್ಯುತ್ತಿನಿಂದ ಕಾಯಿಸಿದ ಅನಿಲದಲ್ಲಿ ಪುಡಿ ಕರಗಿಸಿ ಚಿಮ್ಮಿಸುವ ಸಾಧನ. ಅದರ ಬಾಯಲ್ಲಿ 10,000 ಡಿಗ್ರಿಗೂ ಜಾಸ್ತಿ ಬಿಸಿ. ಕರಗಿದ ಹನಿ ಪೈಪಿಗೆ ಬಡಿದ ಕೂಡಲೇ ಕಾವಲಿಗೆ ಬಿದ್ದ ಹಿಟ್ಟಿನ ಹಾಗೆ ಹರಡಿ ಗಟ್ಟಿಯಾಗುತ್ತದೆ. ಹೀಗೆ ಪದರದ ಮೇಲೆ ಪದರ, ಒಟ್ಟು 250ರಿಂದ 300 ಮೈಕ್ರಾನ್. ಇನ್ನೂ ದಪ್ಪ ಮಾಡಿದರೆ ಒಳ್ಳೆಯದಲ್ವಾ ಅಂತ ಕೇಳುವವರಿದ್ದಾರೆ. ಇಲ್ಲ, ದಪ್ಪಗಾದಷ್ಟೂ ಸುಲಭವಾಗಿ ಎದ್ದು ಬರುತ್ತದೆ.

ಇದು ಮನೆ ಅಂಗಳದ ಕೆಲಸವಲ್ಲ. ಮುಚ್ಚಿದ ಬೂತ್, ಹೊಗೆ ಎಳೆಯುವ ಫ್ಯಾನ್, ವೆಲ್ಡಿಂಗ್ ಕನ್ನಡಕ, ಕಿವಿಗೆ ರಕ್ಷಣೆ ಎಲ್ಲ ಬೇಕೇ ಬೇಕು.

ಪೈಪ್ ತಾನಾಗಿ ತಣಿಯಲಿ, ನೀರು ಹಾಕಬೇಡಿ. ಬೋಟಿಗೆ ಜೋಡಿಸುವವರಿಗೂ ಒಂದು ಮಾತು ಹೇಳಿ ಕಳಿಸಿ: ಪೈಪಿಗೆ ಸುತ್ತಿಗೆ ತಾಗಿಸಬಾರದು. ಒಂದು ಪೆಟ್ಟಿಗೆ ಅಂಗೈಯಷ್ಟು ಕೋಟಿಂಗ್ ಚಕ್ಕೆಯಾಗಿ ಹಾರಿಹೋಗುತ್ತದೆ.