ಸೋಮಾರಿ ಮಡಿ ಅಂತೆ!

ನಾನು ಹಾಸನದ ಕಡೆಯವನು. ಆಲೂಗಡ್ಡೆ ಬೆಳೆಯೋದನ್ನ ನನಗೆ ಯಾರು ಹೇಳಿಕೊಡಬೇಕು ಅನ್ನೋ ಜಂಬ ಇತ್ತು. ಐರ್ಲೆಂಡಿನ ಪಶ್ಚಿಮ ಕರಾವಳಿಯ ಕಾನೆಮಾರಾಕ್ಕೆ ಬಂದ ಮೊದಲ ವರ್ಷ, ಊರಿನ ಹಾಗೆ ಹಿತ್ತಲು ಅಗೆದು ಸಾಲು ಎಳೆದು ಬಿತ್ತಿದೆ. ಇಲ್ಲಿನ ಮಣ್ಣು ಕಪ್ಪಗೆ, ಸ್ಪಂಜಿನ ಹಾಗೆ. ಮಳೆ ಬಿಡೋದೇ ಇಲ್ಲ. ಜೂನಿನಲ್ಲಿ ಕೆದಕಿದರೆ ಹೋಳುಗಳು ಕೊಳೆತು ಲೋಳೆಯಾಗಿದ್ದವು.

ಪಕ್ಕದ ಹೊಲದ ಅಜ್ಜ ಕಲ್ಲುಗೋಡೆಯ ಆಚೆಯಿಂದ ಎಲ್ಲಾ ನೋಡುತ್ತಿದ್ದರು. ‘ಮುಂದಿನ ವರ್ಷ ಸೇಂಟ್ ಪ್ಯಾಟ್ರಿಕ್ ಹಬ್ಬ ಕಳೀಲಿ, ಇಬ್ಬರೂ ಮಾಡೋಣ’ ಅಂದರು. ಅಂದರೆ ಮಾರ್ಚ್ 17 ಆದಮೇಲೆ.

ಅವರ ಮೊದಲ ಮಾತು, ಹುಲ್ಲು ಅಗೆಯಬೇಡ. ದಾರ ಕಟ್ಟಿ ನಾಲ್ಕು ಅಡಿ ಅಗಲದ ಪಟ್ಟಿ ಗುರುತು ಮಾಡಿದೆವು. ಬಿರುಗಾಳಿಗೆ ದಡಕ್ಕೆ ಬಂದು ಬಿದ್ದಿದ್ದ ಕಡಲಕಳೆಯನ್ನು ಹುಲ್ಲಿನ ಮೇಲೇ ಹರಡಿದೆವು. ‘ಉಪ್ಪು ತೊಳೆಯಬೇಕಾ?’ ಅಂದೆ. ಅಜ್ಜ ಸುಮ್ನೆ ಆಕಾಶ ತೋರಿಸಿದರು. ಅದರ ಮೇಲೆ ಎರಡೆರಡು ಕಣ್ಣಿರುವ ಬೀಜದ ಹೋಳು, ಅಡಿಗೊಂದು. ತಳಿ ಕೆರ್ಸ್ ಪಿಂಕ್.

ಆಮೇಲೆ ನಿಜವಾದ ಕೆಲಸ. ಪಟ್ಟಿಯ ಎರಡೂ ಕಡೆ ಹುಲ್ಲು ಸಮೇತ ಮಣ್ಣನ್ನು ಗುದ್ದಲಿಯಿಂದ ಮೂರು ಬದಿ ಕತ್ತರಿಸಬೇಕು. ಒಳಬದಿ ಕತ್ತರಿಸುವಂತಿಲ್ಲ. ಹಾಗೇ ಎತ್ತಿ, ದೋಸೆ ಮಡಚಿದ ಹಾಗೆ, ಹುಲ್ಲಿನ ಮೇಲೆ ಹುಲ್ಲು ಬರುವಂತೆ ಬೀಜದ ಮೇಲೆ ಮಗುಚಬೇಕು. ಮಣ್ಣು ತೆಗೆದ ಜಾಗ ಚರಂಡಿಯಾಗಿ ನೀರೆಲ್ಲ ಅಲ್ಲಿಗೆ ಇಳಿಯುತ್ತದೆ. ಬೀಜ ನೀರು ನಿಲ್ಲದ ಎತ್ತರದಲ್ಲಿ ಕೂರುತ್ತದೆ, ಒಳಗಿನ ಹುಲ್ಲು ಕೊಳೆತು ಗೊಬ್ಬರವಾಗುತ್ತದೆ. ಮೊಳಕೆ ಬಂದಮೇಲೆ ಚರಂಡಿಯ ಮಣ್ಣನ್ನೇ ಇನ್ನೊಂದು ಸಲ ಮೇಲೆ ಎರಚಿದೆವು. ಇಂಗ್ಲಿಷರು ಇದಕ್ಕೆ ‘ಲೇಜಿ ಬೆಡ್’ ಅಂತ ಹೆಸರಿಟ್ಟರು. ಸೋಮಾರಿ ಮಡಿ! ಎರಡು ದಿನ ನನ್ನ ಸೊಂಟ ನೆಟ್ಟಗಾಗಲಿಲ್ಲ.

ಜುಲೈನಲ್ಲಿ ಹವಾಮಾನ ಇಲಾಖೆ ಆಲೂಗಡ್ಡೆ ಕೊಳೆಸೋ ಅಂಗಮಾರಿ ರೋಗ ಬರಬಹುದು ಅಂತ ಎಚ್ಚರಿಕೆ ಕೊಟ್ಟಿತು. 1845ರಲ್ಲಿ ಐರ್ಲೆಂಡಿಗೆ ಬಂದು, ಬೆಳೆ ಹಾಳುಮಾಡಿ, ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದದ್ದು ಇದೇ ರೋಗ, ನಮ್ಮ ಹಾಸನದ ಹೊಲಗಳನ್ನು ಸುಡೋದೂ ಇದೇ. ಅಜ್ಜ ಚಿಕ್ಕವರಿದ್ದಾಗ ಮೈಲುತುತ್ತಕ್ಕೆ ವಾಷಿಂಗ್ ಸೋಡಾ ಬೆರೆಸಿ ಹೊಡೆಯುತ್ತಿದ್ದರಂತೆ. ನಮ್ಮಲ್ಲಿ ಅಡಿಕೆಗೆ ಹೊಡೆಯೋ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತದ ಜೊತೆ ಸುಣ್ಣ, ಇಲ್ಲಿ ಸೋಡಾ, ಅಷ್ಟೇ ಅಲ್ವಾ? ಸಂಜೆ ಬಿಸಿಲು ಓರೆಯಾದಾಗ ಎದುರು ಗುಡ್ಡದಲ್ಲಿ ಹಳೇ ಮಡಿಗಳ ಗೆರೆ ಕಾಣುತ್ತವೆ. ಕಡಿದಾದ ಜಾಗದಲ್ಲೂ ಇವೆ. ಅಲ್ಲಿಗೆ ಕಡಲಕಳೆ ಹೊತ್ತವರ ಬೆನ್ನು ನೆನೆದು ನನ್ನ ಸೊಂಟದ ದೂರು ನಿಲ್ಲಿಸಿದೆ.

ಆಗಸ್ಟ್ ಕೊನೆಗೆ ಕಿತ್ತೆವು. ಕೊಳೆತದ್ದು ನಾಲ್ಕೋ ಐದೋ. ಕೆರ್ಸ್ ಪಿಂಕ್ ತುಂಬಾ ಹಿಟ್ಟು ಹಿಟ್ಟು. ಜೋರಾಗಿ ಕುದಿಸಿದರೆ ನೀರಲ್ಲೇ ಒಡೆದು ಗಂಜಿಯಾಗುತ್ತದೆ. ಅಜ್ಜ ಸಿಪ್ಪೆ ಸಮೇತ ಬೇಯಿಸಿ ಬೆಣ್ಣೆ, ಉಪ್ಪು ಹಾಕಿ ತಿಂದರು. ಮಸಾಲೆ ದೋಸೆ ಪಲ್ಯಕ್ಕೆ ಸೂಪರ್. ಸಾಗುಗೆ ಮಾತ್ರ ಆಗಲ್ಲ.