ನಾಲ್ಕು ಸಾವಿರದ ಮೈಕ್ರೋಸ್ಕೋಪು, 1939ರ ರೂಪಾಯಿ

ಕಳೆದ ದೀಪಾವಳಿಯ ಹಿಂದಿನ ಭಾನುವಾರ ನಮ್ಮ ಊರಿನ ಹಿರಿಯ ಸಂಗ್ರಹಕಾರರೊಬ್ಬರು ಮನೆಗೆ ಬಂದರು. ಜೇಬಿನಿಂದ ಬ್ರಿಟಿಷ್ ದೊರೆ ಆರನೇ ಜಾರ್ಜ್ ಕಾಲದ ಬೆಳ್ಳಿ ರೂಪಾಯಿ ತೆಗೆದು ಮೇಜಿನ ಮೇಲಿಟ್ಟರು. ಇಸವಿ 1939. "ನಿನ್ನ ಪುಟ್ಟ ಟಿ.ವಿ.ಯಲ್ಲಿ ಸ್ವಲ್ಪ ನೋಡಪ್ಪಾ" ಅಂದರು. ಸ್ಕ್ರೀನಿರುವ ನನ್ನ ಮೈಕ್ರೋಸ್ಕೋಪಿಗೆ ಅವರಿಟ್ಟ ಹೆಸರು ಅದು. ವರ್ಷದ ಹಿಂದೆ ಇದೇ ಮೇಜಿನ ಮುಂದೆ ಕೂತು "ಇದು ಮಕ್ಕಳ ಆಟದ ಸಾಮಾನು, ಲೂಪ್ ಒಂದಿದ್ದರೆ ಸಾಕು" ಅಂದಿದ್ದವರು ಇವರೇ. ಲೂಪ್ ಅಂದರೆ ಕಣ್ಣಿಗೆ ಹಿಡಿದು ನೋಡುವ ಪುಟ್ಟ ಭೂತಗನ್ನಡಿ. ಮಾರುವವನು 35 ಸಾವಿರ ಕೇಳಿದ್ದ. ಐದು ಸಾವಿರ ಮುಂಗಡ ಇಟ್ಟುಕೊಂಡು ಎರಡು ದಿನಕ್ಕೆ ಕೈಗೆ ಕೊಟ್ಟಿದ್ದ.

1939 ಅಂದರೆ ಯಾಕೆ ಭಯ? ಆ ಇಸವಿಯ ರೂಪಾಯಿ ಬಲು ಅಪರೂಪ, ಅದಕ್ಕೇ ಬೆಲೆ ಹೆಚ್ಚು. 1938ರ ಅಸಲಿ ರೂಪಾಯಿಯ 8ನ್ನೇ ಕೆರೆದು 9 ಮಾಡುತ್ತಾರೆ. ತೂಕ 11.66 ಗ್ರಾಂ, ಸರಿ. ಬೆಳ್ಳಿ ಸರಿ. ಅಂಚಿನ ಗೀರು ಸರಿ. ಬೀಳಿಸಿದಾಗ ಬರುವ ಸದ್ದೂ ಸರಿ. ನಾಣ್ಯವೇ ಅಸಲಿ, ಸುಳ್ಳು ಇರುವುದು ಒಂದೇ ಅಂಕಿಯಲ್ಲಿ. ತಕ್ಕಡಿ, ಅಯಸ್ಕಾಂತ ಎರಡೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಈ ಮೈಕ್ರೋಸ್ಕೋಪು ಕೊಂಡ ಮೊದಲ ನಾಲ್ಕು ತಿಂಗಳು ನನಗೆ ನಷ್ಟವೇ. 4.3 ಇಂಚಿನ ಸ್ಕ್ರೀನಿನದು, ಸುಮಾರು 3,800 ರೂಪಾಯಿ ಕೊಟ್ಟ ನೆನಪು. ಡಬ್ಬಿಯ ಮೇಲೆ 1000 ಪಟ್ಟು ಅಂತ ಬರೆದಿತ್ತು. ಸ್ಟೀಲ್ ಸ್ಕೇಲ್ ಇಟ್ಟು ಅಳೆದೆ. ಪೂರ್ತಿ ಹತ್ತಿರ ತಂದಾಗ ಸ್ಕ್ರೀನಿನ ಅಗಲಕ್ಕೆ ಒಂದೂವರೆ ಮಿ.ಮೀ. ಕಂಡಿತು. ಸ್ಕ್ರೀನು ಒಂಬತ್ತೂವರೆ ಸೆಂ.ಮೀ. ಅಗಲ. ಅಂದರೆ ಅರವತ್ತು ಪಟ್ಟಿನ ಆಸುಪಾಸು, ಅಷ್ಟೇ. ನಾಣ್ಯಕ್ಕೆ ಅದೂ ಬೇಡ. ಇಪ್ಪತ್ತೈದು ದಾಟಿದರೆ ಬೆಳ್ಳಿಯ ಮೇಲಿನ ಪ್ರತಿ ಗೀರೂ ಹಳ್ಳದ ಹಾಗೆ ಕಂಡು ತಲೆ ಕೆಡುತ್ತದೆ.

ನನ್ನ ತಲೆ ಕೆಟ್ಟಿದ್ದೂ ಹಾಗೆಯೇ. ವಿಕ್ಟೋರಿಯಾ ರಾಣಿಯ 1862ರ ರೂಪಾಯಿಯೊಂದನ್ನು ಇಟ್ಟು ನೋಡಿದೆ. ಮೈತುಂಬಾ ಗುಳಿ. ಎರಕದ ನಕಲಿ ಅಂತ ತೀರ್ಮಾನ ಮಾಡಿ ಬೆಳ್ಳಿಯ ತೂಕದ ಬೆಲೆಗೆ ಕೊಟ್ಟುಬಿಟ್ಟೆ. ಕೊಂಡವರು ಮೂರು ವಾರದಲ್ಲಿ ಅದನ್ನು ಅಸಲಿ ಅಂತಲೇ ಮಾರಿದರು. ಎರಡು ಸಾವಿರದ ಮೇಲೆ ಹೋಯಿತು. ಆ ಗುಳಿಗಳು ಮಣ್ಣಲ್ಲಿ ಹೂತಿದ್ದಾಗ ತಿಂದು ಆದವು. ಮಣ್ಣು ತಿಂದ ಗುಳಿಗೆ ಅಂಚು ಒರಟು, ಆಕಾರ ಅಡ್ಡಾದಿಡ್ಡಿ. ಎರಕದ ಗುಳಿ ದುಂಡಗೆ, ಗಾಳಿಗುಳ್ಳೆ ಒಡೆದ ಹಾಗೆ. ಎರಕದಲ್ಲಿ ಅಕ್ಷರದ ಬುಡವೂ ಸೋಪು ಸವೆದ ಹಾಗೆ ಮೆತ್ತಗಿರುತ್ತದೆ. ಆ ನಾಣ್ಯದ ಫೋಟೊ ಇನ್ನೂ ಇಟ್ಟುಕೊಂಡಿದ್ದೇನೆ. ಅಕ್ಷರಗಳ ಬುಡ ಚೂಪಾಗಿಯೇ ಇತ್ತು. ನಾನು ಅಲ್ಲಿ ನೋಡಲೇ ಇಲ್ಲ.

ದಾರಿ ಸಿಕ್ಕಿದ್ದು ಮೈಕ್ರೋಸ್ಕೋಪಿನ ಸ್ವಂತ ದೀಪ ಆರಿಸಿದ ಮೇಲೆ. ಲೆನ್ಸಿನ ಸುತ್ತ ಇರುವ ಆ ಎಲ್‌ಇಡಿಗಳು ಮೇಲಿನಿಂದ ನೇರ ಬಡಿಯುತ್ತವೆ. ಬೆಳ್ಳಿ ಬರೀ ಬೆಳ್ಳಗೆ ಕಾಣುತ್ತದೆ, ಉಬ್ಬು ತಗ್ಗು ಎಲ್ಲ ಮಾಯ. ನಾಣ್ಯ ನೋಡುವಾಗ ಈಗ ಅವುಗಳನ್ನು ನಾನು ಹಚ್ಚುವುದೇ ಇಲ್ಲ. ಒಂದು ಟೇಬಲ್ ಲ್ಯಾಂಪು, ಮುಂದೆ ಬಟರ್ ಪೇಪರು, ಬೆಳಕು ಪಕ್ಕದಿಂದ. ದೀಪ ಅಲುಗಿಸಬಾರದು, ನಾಣ್ಯ ತಿರುಗಬೇಕು. ಅದಕ್ಕೆ ಕೇಕ್ ಅಲಂಕಾರ ಮಾಡುವವರು ಬಳಸುವ ತಿರುಗು ತಟ್ಟೆ ತಂದೆ, 250 ರೂಪಾಯಿ. ನಾಣ್ಯ ತಿರುಗಿಸಿದಾಗ ಗೀರು ಒಮ್ಮೆ ಮಿಂಚಿ ಮರೆಯಾಗುತ್ತದೆ. ಅಚ್ಚು ಒತ್ತಿದಾಗ ಲೋಹ ಹರಿದು ಮೂಡಿದ ಗೆರೆಗಳು ಮಾತ್ರ ಗಾಡಿಚಕ್ರದ ಕಡ್ಡಿಗಳ ಹಾಗೆ ಸುತ್ತುತ್ತಲೇ ಇರುತ್ತವೆ.

ಜೊತೆಗೆ ಬಂದ ಸ್ಟ್ಯಾಂಡು ಕೈ ತಗುಲಿದರೆ ನಡುಗುತ್ತಿತ್ತು. ಬಡಗಿಯ ಹತ್ತಿರ ಪ್ಲೈವುಡ್ ಹಲಗೆಗೆ ಎತ್ತರದ ಕಂಬ ಕೂರಿಸಿಕೊಂಡೆ, 450 ರೂಪಾಯಿ. 30.5 ಮಿ.ಮೀ. ರೂಪಾಯಿ ಪೂರ್ತಿ ಸ್ಕ್ರೀನಿಗೆ ಬರಬೇಕಾದರೆ ಆ ಎತ್ತರ ಬೇಕೇ ಬೇಕು. ಫೋಟೊ ತೆಗೆಯಲು ಬಟನ್ ಒತ್ತಬೇಡಿ, ತಂತಿ ರಿಮೋಟು ಬಳಸಿ. ನನ್ನದು 64 ಜಿಬಿ ಕಾರ್ಡು ಓದಲಿಲ್ಲ, 32 ಓದಿತು.

ಮತ್ತೆ ಆ ಭಾನುವಾರಕ್ಕೆ ಬರುತ್ತೇನೆ. ಮೊದಲು 3ರ ಸುತ್ತ ನೋಡಿದೆವು. ಲೋಹದ ಗೆರೆಗಳು ಉತ್ತ ಗದ್ದೆಯ ಸಾಲಿನ ಹಾಗೆ ಅಂಚಿನ ಕಡೆಗೆ ಹೋಗಿದ್ದವು. ಕೊನೆಯ ಅಂಕಿಯ ಹತ್ತಿರ ಬಂದಾಗ ಸಾಲು ತುಂಡಾಗಿತ್ತು. ಅಲ್ಲಿ ನೆಲ ಸ್ವಲ್ಪ ತಗ್ಗು, ತೀರಾ ನುಣುಪು. ಅದರ ಮೇಲೆ ಒಂದೇ ದಿಕ್ಕಿಗೆ ಎಳೆದ ಸಣ್ಣ ಗೀರುಗಳು. ನನ್ನ 1938ರ ರೂಪಾಯಿಯನ್ನು ಅದೇ ಎತ್ತರದಲ್ಲಿಟ್ಟು ಫೋಟೊ ತೆಗೆದೆ. 8ರ ಹೊರಗೆರೆ, ಈ 9ರ ಹೊರಗೆರೆ ಒಂದರ ಮೇಲೊಂದು ಕೂತವು. ಯಜಮಾನರು ಹತ್ತು ನಿಮಿಷ ಮಾತಾಡಲಿಲ್ಲ. ಆಮೇಲೆ "ನಂಗೂ ಒಂದು ತರಿಸಿಕೊಡು, ದೊಡ್ಡ ಸ್ಕ್ರೀನಿಂದು" ಅಂದರು. ಫೋಟೊ ತೋರಿಸಿದ ಮೇಲೆ ಮುಂಗಡವೂ ವಾಪಸ್ ಬಂತು. ಆಮೇಲೆ ಇಲ್ಲಿಯವರೆಗೆ ಇಂಥವು ಮೂರು ಹಿಡಿದಿದ್ದೇನೆ. ಲೂಪಿನಲ್ಲಿ ಮೂರೂ ಪಾಸಾಗಿದ್ದವು.

9ರಲ್ಲಿ ನಾನು ಮೊದಲು ಯಾವ ಜಾಗ ನೋಡುತ್ತೇನೆ, ದೀಪ ಎಷ್ಟು ಎತ್ತರದಲ್ಲಿ ಇಡುತ್ತೇನೆ, ಇವೆರಡನ್ನು ಇಲ್ಲಿ ಬರೆಯುವುದಿಲ್ಲ. ಕೆರೆಯುವವರೂ ಓದುತ್ತಾರೆ. ಪರಿಚಯದವರು ಮನೆಗೆ ಬಂದರೆ ತೋರಿಸುತ್ತೇನೆ.

ಇದರ ನಡುವೆ ಮನೆಯವಳು ಜರಿ ಸೀರೆ ತಂದಿಟ್ಟಳು. "ಬರೀ ನಾಣ್ಯನೇನಾ, ಇದನ್ನೂ ನೋಡ್ರೀ." ಅವಳ ಮದುವೆ ಸೀರೆಯ ಜರಿಯಲ್ಲಿ ರೇಷ್ಮೆ ಎಳೆಯ ಮೇಲೆ ಚಪ್ಪಟೆ ತಂತಿ ಸುತ್ತಿರುವುದು ಎಷ್ಟು ಚೆನ್ನಾಗಿ ಕಂಡಿತು ಅಂದರೆ, ಒಂದು ಸಂಜೆ ಪೂರ್ತಿ ಅದರಲ್ಲೇ ಹೋಯಿತು. ಹೊಸ ಸೀರೆಯೊಂದರಲ್ಲಿ ಇದ್ದದ್ದು ಹೊಳೆಯುವ ಪ್ಲಾಸ್ಟಿಕ್ ಪಟ್ಟಿ. 500ರ ನೋಟಿನ ಮೇಲಿನ ಅತಿ ಸಣ್ಣ ಅಕ್ಷರಗಳನ್ನು ಮಗನಿಗೆ ಓದಿಸಿದೆ. ಸೀರೆ, ನೋಟು ಈ ಎರಡಕ್ಕೆ ಮಾತ್ರ ಮೈಕ್ರೋಸ್ಕೋಪಿನ ಸ್ವಂತ ದೀಪ ಸಾಕಾಗುತ್ತದೆ.

1862ರ ರೂಪಾಯಿಗಳ ಚುಕ್ಕೆ ಎಣಿಸುವುದಕ್ಕೂ ಇದು ಬಹಳ ಒಳ್ಳೆಯದು. ಮುಂದಿನ ವರ್ಷಗಳಲ್ಲೂ ನಾಣ್ಯದ ಮೇಲಿನ 1862 ಬದಲಿಸದೆ, ಗುರುತಿಗೆ ಚುಕ್ಕೆ ಹಾಕುತ್ತಾ ಹೋದ ಕಾಲದ್ದು ಅಲ್ವಾ, ಸವೆದ ಚುಕ್ಕೆ ಕಣ್ಣಿಗೆ ಬೀಳುವುದಿಲ್ಲ. ಪಕ್ಕದ ಬೆಳಕಿನಲ್ಲಿ ಅದರ ನೆರಳು ಬೀಳುತ್ತದೆ.

ಈಗ ಕೈಯಲ್ಲಿರುವುದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸುಗಳು. 60 ರೂಪಾಯಿಗೆ ಒಂದರಂತೆ ಹನ್ನೊಂದು ತಂದೆ, ಎಲ್ಲ ಸವೆದು ಮಟ್ಟ. ತಾಮ್ರಕ್ಕೆ ಬೆಳ್ಳಿಯ ಬೆಳಕು ಆಗುವುದಿಲ್ಲ, ದೀಪ ಇನ್ನೂ ಕೆಳಗೆ ಇಳಿಯಬೇಕು. ಹೋದ ವಾರ ರಾತ್ರಿ ಒಂದರ ಮೇಲೆ "ಕಾಸು" ಅನ್ನುವ ಎರಡು ಕನ್ನಡ ಅಕ್ಷರ ನಿಧಾನಕ್ಕೆ ಎದ್ದು ಬಂದವು. ಈ ನಾಣ್ಯಗಳಲ್ಲಿ "ಕಾಸು" ಪದಕ್ಕೆ ಮೊದಲು ಬರುವ "ಮಯಿಲಿ" ಅನ್ನುವ ಪದ ಇನ್ನೂ ಸಿಕ್ಕಿಲ್ಲ.