ಶಾಂಘೈಗೆ ಹೊಸದಾಗಿ ಬಂದಿರೋ ಫೋಟೋ ಪ್ರಿಯರಿಗೆ: ರೀಲ್ ಕ್ಯಾಮೆರಾ ಹಿಡೀರಿ

ಕೆಲ್ಸಕ್ಕೋ ಓದಕ್ಕೋ ಇಲ್ಲಿಗೆ ಬಂದಿರೋ ನಮ್ಮೋರು ಚೈನೀಸ್ ಬರಲ್ಲ, ಯಾರ ಪರಿಚಯನೂ ಇಲ್ಲ, ವೀಕೆಂಡ್ ಹೆಂಗೆ ಕಳೆಯೋದು ಅಂತ ಕೇಳ್ತಾನೇ ಇರ್ತಾರೆ. ಫೋಟೋ ಹುಚ್ಚು ಒಂಚೂರು ಇದ್ರೂ ನಾನು ಹೇಳೋದು ಒಂದೇ, ಒಂದು ರೀಲ್ ಕ್ಯಾಮೆರಾ, ಅಂದ್ರೆ ಫಿಲ್ಮ್ ಹಾಕೋ ಹಳೇ ಥರದ್ದು, ತಗೊಳ್ಳಿ. ಇಲ್ಲಿ ಕಾಲೇಜು ಹುಡುಗ್ರಿಂದ ಹಿಡಿದು ರಿಟೈರ್ ಆದ ತಾತಂದಿರ ತನಕ ಅದರ ಮೇಲೆ ಪ್ರಾಣ ಇಟ್ಕೊಂಡಿದಾರೆ, ಕುತ್ತಿಗೇಲಿ ಹಳೇ ಕ್ಯಾಮೆರಾ ಕಂಡ್ರೆ ಅವ್ರೇ ಬಂದು ಮಾತಾಡಿಸ್ತಾರೆ.

ಮೊದ್ಲು ಲುಬಾನ್ ರೋಡಲ್ಲಿರೋ ಶಿಂಗ್‌ಗ್ವಾಂಗ್ ಮಾರ್ಕೆಟ್ಟಿಗೆ ಹೋಗಿ, ಮೆಟ್ರೋ 4ನೇ ಲೈನು. ಇಡೀ ಬಿಲ್ಡಿಂಗ್ ಕ್ಯಾಮೆರಾ ಅಂಗಡಿಗಳೇ. ಮೊದಲನೇ ಸಲ ಏನೂ ಕೊಳ್ಳೋಕೆ ಹೋಗ್ಬೇಡಿ, ಸುಮ್ನೆ ಕೈಯಲ್ಲಿ ಹಿಡಿದು ನೋಡಿ, ಟ್ರಾನ್ಸ್‌ಲೇಟ್ ಆ್ಯಪಲ್ಲೇ ರೇಟು ಕೇಳಿ. ದುಬಾರಿ ಜರ್ಮನ್ ಕ್ಯಾಮೆರಾ ಲೈಕಾ ಕಡೆ ಕಣ್ಣು ಹೋಗುತ್ತೆ, ಆದ್ರೆ ಶುರುಗೆ ಸೀಗಲ್ 4ಎ ಅಥವಾ 4ಬಿ ಸಾಕು, ಇದೇ ಶಾಂಘೈಲಿ ತಯಾರಾದ ಎರಡು ಲೆನ್ಸಿನ ಕ್ಯಾಮೆರಾ, ಮೇಲಿಂದ ಬಗ್ಗಿ ನೋಡಿ ಫೋಟೋ ತೆಗೆಯೋದು, 120 ಅನ್ನೋ ಅಗಲದ ರೀಲಲ್ಲಿ 12 ಚೌಕದ ಫೋಟೋ ಬರುತ್ತೆ. ಕೊಳ್ಳೋವಾಗ ಒಂದು ಸೆಕೆಂಡಿನ ಶಟರ್ ಬಿಟ್ಟು ಕೇಳಿಸ್ಕೊಳ್ಳಿ, ಮಧ್ಯದಲ್ಲಿ ತಡವರಿಸಿದ್ರೆ ವಾಪಸ್ ಕೊಟ್ಬಿಡಿ. ಕೆಳಗಿನ ಲೆನ್ಸಿಗೆ ಟಾರ್ಚ್ ಬಿಟ್ಟು ಫಂಗಸ್ ನೋಡಿ. ಜೂನಲ್ಲಿ ಇಲ್ಲಿ ಹಿಡಿಯೋ ಜಡಿಮಳೆ ಥೇಟ್ ಮಂಗಳೂರು ಮಳೆಗಾಲವೇ, ತೇವಕ್ಕೆ ಫಂಗಸ್ ಹಿಡಿಯುತ್ತೆ, ಒಳಗೆ ತೇವ ಸೇರದಿರೋ ಡ್ರೈ ಬಾಕ್ಸ್ ಇಲ್ದೆ ಲೆನ್ಸ್ ಇಡಲೇಬೇಡಿ.

ರೀಲಿಗೆ ಬಂದ್ರೆ ಶಾಂಘೈ ಜಿಪಿ3 ಅನ್ನೋ ಬ್ಲ್ಯಾಕ್ ಆಂಡ್ ವೈಟ್ ರೀಲು, 100 ಐಎಸ್ಒ (ರೀಲು ಬೆಳಕನ್ನ ಎಷ್ಟು ಬೇಗ ಹಿಡಿಯುತ್ತೆ ಅನ್ನೋ ಅಳತೆ), ಕೊಡ್ಯಾಕ್‌ಗಿಂತ ಅಗ್ಗ. ಆಮೇಲೆ ಲಕ್ಕಿ ಅನ್ನೋ ರೀಲು, ಹೆಬೇ ಪ್ರಾಂತ್ಯದ ಬಾವ್‌ಡಿಂಗ್‌ನ ಸರ್ಕಾರಿ ಕಾರ್ಖಾನೆಯದ್ದು, 1958ರಲ್ಲಿ ಶುರುವಾಗಿದ್ದು. 2012ರಲ್ಲಿ ಕಲರ್ ರೀಲು ನಿಲ್ಲಿಸಿದ್ರು, ಈಗ ಜನ ಕೇಳಿ ಕೇಳಿ ಸಿ200 ಅಂತ ಮತ್ತೆ ಬಂದಿದೆ. ನಮ್ಮ ಕಡೆ ಊಟಿಲಿ ಎಚ್‌ಪಿಎಫ್ (ಹಿಂದೂಸ್ತಾನ್ ಫೋಟೋ ಫಿಲ್ಮ್ಸ್) ಕಾರ್ಖಾನೆ ‘ಇಂದು’ ಅನ್ನೋ ಹೆಸರಿನ ರೀಲು ಮಾಡ್ತಿತ್ತು, ಅದು ಮುಚ್ಚೇ ಹೋಯ್ತು, ಅದಕ್ಕೇ ನಂಗೆ ಲಕ್ಕಿ ಡಬ್ಬಿ ನೋಡಿದಾಗೆಲ್ಲ ಖುಷಿನೂ ಆಗುತ್ತೆ ಹೊಟ್ಟೆನೂ ಉರಿಯುತ್ತೆ.

ಡೆವಲಪ್ ಮಾಡಿಸೋದು ಸುಲಭ, ಆನ್‌ಲೈನ್ ಶಾಪಿಂಗ್ ಆ್ಯಪ್ ಟಾವ್‌ಬಾವ್‌ನಲ್ಲಿ ಲ್ಯಾಬ್ ಹುಡುಕಿ ಕೊರಿಯರ್ ಮಾಡಿದ್ರೆ ಸ್ಕ್ಯಾನ್ ಮಾಡಿ ಲಿಂಕ್ ಕಳಿಸ್ತಾರೆ, ಲಿಂಕು ಎಕ್ಸ್‌ಪೈರ್ ಆಗೋ ಮುಂಚೆ ಇಳಿಸ್ಕೊಳ್ಳಿ, ನೆಗೆಟಿವ್ ವಾಪಸ್ ಬೇಕು ಅಂತ ಮೊದ್ಲೇ ಬರೆದುಬಿಡಿ. ಸೆಕೆಂಡ್ ಹ್ಯಾಂಡ್ ಆ್ಯಪ್ ಶ್ಯಾನ್‌ಯೂನಲ್ಲಿ ಕ್ಯಾಮೆರಾ ಹುಡುಕೋದಾದ್ರೆ ಒಬ್ಬ ಲೋಕಲ್ ಸಹೋದ್ಯೋಗಿನ ಪಕ್ಕದಲ್ಲಿ ಕೂರಿಸ್ಕೊಳ್ಳಿ.

ಹೊಸಬರಿಗೆ ಯಾರೂ ಹೇಳದೇ ಇರೋದು ಮೆಟ್ರೋ ವಿಷ್ಯ. ಸ್ಟೇಷನ್ ಒಳಗೆ ಹೋಗೋವಾಗ ಬ್ಯಾಗು ಎಕ್ಸ್‌ರೇ ಮಷೀನಿಗೆ ಹಾಕ್ಬೇಕು. ಒಂದ್ ಸಲಕ್ಕೆ ಏನೂ ಆಗಲ್ಲ, ಆದ್ರೆ ದಿನಾ ಎರಡು ಸಲ ಹೋದ್ರೆ ರೀಲಿನ ಮೇಲೆ ಎಕ್ಸ್‌ರೇ ಪರಿಣಾಮ ಸೇರ್ತಾ ಹೋಗುತ್ತೆ, 800 ಐಎಸ್ಒ ಮೇಲಿನ ರೀಲಿಗೆ ಮಂಕು ಹಿಡಿಯೋ ಸಾಧ್ಯತೆ ಜಾಸ್ತಿ. ರೀಲುಗಳನ್ನ ಪಾರದರ್ಶಕ ಕವರಲ್ಲಿ ಹಾಕಿ ಕೈಲಿ ಹಿಡ್ಕೊಂಡು ‘ಶೌ ಜ್ಯೆನ್’ ಅನ್ನಿ, ಅಂದ್ರೆ ಕೈಯಲ್ಲೇ ಚೆಕ್ ಮಾಡಿ ಅಂತ. ಏರ್‌ಪೋರ್ಟಲ್ಲಿ ಇನ್ನೂ ಜೋರು ಎಕ್ಸ್‌ರೇ ಬಿಡೋ ಸಿ.ಟಿ. ಸ್ಕ್ಯಾನರ್ ಇದ್ರಂತೂ ಒಂದೇ ಸಲಕ್ಕೆ ಹಾಳಾಗ್ಬಹುದು, ಅಲ್ಲಿ ಮುಜುಗರ ಪಡದೆ ಕೇಳಿ, ಲೈನಲ್ಲಿ ನಿಮ್ಮ ಹಿಂದೆ ಎಷ್ಟೇ ಜನ ಇರಲಿ.